ಕೆರೆ, ತೂಬು ಮತ್ತು ಕಾಲುವೆಯ ಖರ್ಚು



ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರೊಬ್ಬ ಕಾಲುವೆಯ ಖರ್ಚುವೆಚ್ಚದ ಬಗೆಗೆ ಮಾತನಾಡಲು ಹೊರಟರೆ ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ರಾಣೆಬೆನ್ನೂರಿನಲ್ಲಿ ಬಾಳುವವನಿಗೆ ಕಾಲುವೆ ಹೊರಗಿನ ವಿಷಯವಲ್ಲ. ಶಿವಮೊಗ್ಗೆಯ ಬಳಿ ಗಾಜನೂರಿನಲ್ಲಿ ತುಂಗೆಯನ್ನು ತಡೆದು, ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ಮುಖ್ಯ ಕಾಲುವೆಯಿಂದ ನಮ್ಮ ಬಯಲಿಗೆ ನೀರು ತರುವ ತುಂಗಾ ಮೇಲ್ದಂಡೆ ಯೋಜನೆ ಈ ಸೀಮೆಯ ಒಂದು ತಲೆಮಾರಿನ ಮಾತುಕತೆಯನ್ನೆಲ್ಲ ತುಂಬಿಕೊಂಡಿದೆ. 12.24 ಟಿ.ಎಂ.ಸಿ. ನೀರು, ಸುಮಾರು 80 ಸಾವಿರ ಹೆಕ್ಟೇರು ನೆಲ. ಹಿಂದೆ ನನ್ನಲ್ಲಿ ಹಳಗನ್ನಡ ಓದಿದ್ದ, ಈಗ ಒಕ್ಕಲುತನ ಮಾಡಿಕೊಂಡಿರುವ ಒಬ್ಬರು ಸಂತೆಯಲ್ಲಿ ಸಿಕ್ಕಾಗ ಕೇಳುತ್ತಾರೆ: “ಸರ, ಇಷ್ಟು ರೊಕ್ಕ ಸುರಿದ್ರೂ ಕಾಲುವಿ ಕೆಲಸ ಯಾಕ ಮುಗಿಯಂಗಿಲ್ರಿ?”

ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಸಿಮೆಂಟಿನ ಬೆಲೆ ಏರಿತು, ಮಳೆ ಹಿಡಿಯಿತು, ನಡುವೆ ಯಾರೋ ತಿಂದರು. ಇವು ಸುಳ್ಳಲ್ಲ. ಆದರೆ ಇವಿಷ್ಟರಿಂದಲೇ ಲೆಕ್ಕ ತಾಳೆಯಾಗದು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತವನ್ನೇ ನೋಡೋಣ. 2011-12ರ ದರಗಳಲ್ಲಿ ಅದರ ಅಂದಾಜು 17,207 ಕೋಟಿ ರೂಪಾಯಿ. 2014-15ರ ದರಗಳಲ್ಲಿ 51,148 ಕೋಟಿ. ಮೂರು ವರ್ಷಗಳಲ್ಲಿ ಸಿಮೆಂಟಿನ ಬೆಲೆಯೇನೂ ಮೂರು ಪಟ್ಟಾಗಲಿಲ್ಲ. ಹೆಚ್ಚಳದ ಬಹುಪಾಲು ಭೂಸ್ವಾಧೀನ ಮತ್ತು ಪುನರ್ವಸತಿಯದು. ನ್ಯಾಯಮಂಡಳಿಯ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾಗದೆ ವರ್ಷಗಟ್ಟಲೆ ಉಳಿಯಿತು, ನೆಲ ಕಾಯಿತು, ಕಾಯುತ್ತಿರುವಾಗ 2013ರ ಭೂಸ್ವಾಧೀನ ಕಾಯಿದೆ ಬಂದು, 2014ರ ಜನವರಿ 1ರಿಂದ ಪರಿಹಾರದ ಲೆಕ್ಕವನ್ನೇ ಬದಲಿಸಿತು. ರೈತನ ದೃಷ್ಟಿಯಿಂದ ಅದು ತಡವಾಗಿ ಬಂದ ನ್ಯಾಯ. ನಾನು ಹೇಳಹೊರಟಿರುವುದು ಬೇರೆ: ಇಲ್ಲಿ ವಿಳಂಬವು ಖರ್ಚಿನ ಪಕ್ಕದಲ್ಲಿ ಸುಮ್ಮನೆ ನಿಂತಿರಲಿಲ್ಲ, ತಾನೇ ಖರ್ಚನ್ನು ಹೆರುತ್ತಿತ್ತು.

ಹೀಗೆ ಯೋಚಿಸುವುದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಜೇ ಫಾರೆಸ್ಟರ್. ಅವರು 1918ರಲ್ಲಿ ನೆಬ್ರಾಸ್ಕದ ದನ ಸಾಕುವ ಮನೆತನದಲ್ಲಿ ಹುಟ್ಟಿದವರು. ವಿದ್ಯಾರ್ಥಿಯಾಗಿದ್ದಾಗಲೇ ಹಳೆಯ ಮೋಟಾರು ಸಾಮಾನುಗಳಿಂದ ಗಾಳಿಯಂತ್ರ ಕಟ್ಟಿ ತಮ್ಮ ತೋಟದ ಮನೆಗೆ ಮೊದಲ ವಿದ್ಯುತ್ತು ತಂದವರು. ಗಣಕಯಂತ್ರಗಳ ನಿರ್ಮಾಣದಲ್ಲಿ ಹೆಸರು ಪಡೆದ ಮೇಲೆ 1956ರಲ್ಲಿ ಎಂ.ಐ.ಟಿ.ಯ ಆಡಳಿತಶಾಸ್ತ್ರ ವಿಭಾಗಕ್ಕೆ ಬಂದರು. ಅಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ತಮ್ಮದೊಂದು ಒಗಟನ್ನು ಮುಂದಿಟ್ಟರು. ಕೆಂಟಕಿಯ ಅವರ ಕಾರ್ಖಾನೆಗಳಲ್ಲಿ ಒಮ್ಮೆ ಮೂರು ನಾಲ್ಕು ಪಾಳಿಯ ಕೆಲಸ; ಕೆಲವು ವರ್ಷ ಕಳೆಯುವಷ್ಟರಲ್ಲಿ ಅರ್ಧ ಜನ ಮನೆಗೆ. ಮಾರುಕಟ್ಟೆಯ ಏರಿಳಿತವೇ ಕಾರಣವೆಂದು ಎಲ್ಲರೂ ನಂಬಿದ್ದರು. ಫಾರೆಸ್ಟರ್ ಕಾಗದ ಪೆನ್ಸಿಲು ಹಿಡಿದು ಕೈಲೆಕ್ಕ ಮಾಡಿ ತೋರಿಸಿದರು: ಬೇಡಿಕೆ ಸ್ಥಿರವಾಗಿದ್ದರೂ ಈ ತೂಗಾಟ ನಿಲ್ಲುವುದಿಲ್ಲ, ಜನರನ್ನು ಸೇರಿಸುವ, ದಾಸ್ತಾನು ನೋಡಿ ಆದೇಶ ಕೊಡುವ ಕಂಪನಿಯ ನಿಯಮಗಳೇ ಇದನ್ನು ಹುಟ್ಟಿಸುತ್ತಿವೆ. 1961ರಲ್ಲಿ ಅವರ ಮೊದಲ ಗ್ರಂಥ ಬಂತು. ಮುಂದೆ ಈ ಶಾಸ್ತ್ರಕ್ಕೆ ‘ಸಿಸ್ಟಮ್ ಡೈನಾಮಿಕ್ಸ್’ ಎಂಬ ಹೆಸರು ನಿಂತಿತು. ವ್ಯವಸ್ಥೆಯ ಚಲನಶಾಸ್ತ್ರ ಎಂದು ನಾವು ಕರೆಯಬಹುದು.

ಪರಿಭಾಷೆ ಬಿಗಿಯಾಗಿದ್ದರೂ ಒಳಗಿನ ಮಾತು ನಮ್ಮ ಕೆರೆಯ ದಂಡೆಯದು. ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯನ್ನು ನೆನೆಯಿರಿ. ಕೆರೆಯಲ್ಲಿ ನಿಂತದ್ದು ಸಂಗ್ರಹ. ಹೊಳೆಯಿಂದ ಬರುವುದೂ ತೂಬಿನಿಂದ ಹೋಗುವುದೂ ಹರಿವು. ಮಟ್ಟ ನೋಡಿ ನೀರಗಂಟಿ ತೂಬು ಎತ್ತುತ್ತಾನೆ. ಅವನು ಎತ್ತಿದ್ದರಿಂದ ಮಟ್ಟ ಬದಲಾಗುತ್ತದೆ. ಬದಲಾದ ಮಟ್ಟ ಮತ್ತೆ ಅವನ ಕೈಯನ್ನು ನಡೆಸುತ್ತದೆ. ಇದನ್ನು ‘ಮರುಸುತ್ತು’ ಎನ್ನೋಣ. ಈ ಸುತ್ತಿನೊಳಗೆ ವಿಳಂಬ ಸೇರಿಕೊಂಡರೆ, ಅಂದರೆ ಈ ದಿನ ಮಾಡಿದ್ದರ ಫಲ ಆರು ತಿಂಗಳ ಮೇಲೆ ಕಂಡರೆ, ಬುದ್ಧಿವಂತರೂ ದಾರಿ ತಪ್ಪುತ್ತಾರೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇದಕ್ಕೆ ಒಳ್ಳೆಯ ಪಾಠಶಾಲೆ. ಬೇಸಗೆಯಲ್ಲಿ ದರ ಚೆನ್ನಾಗಿತ್ತೆಂದು ಮುಂಗಾರಿನಲ್ಲಿ ಊರೂರೇ ಮೆಣಸಿನಗಿಡ ಹಚ್ಚುತ್ತದೆ. ಕಾಯಿ ಒಣಗಿ ಚೀಲ ಸೇರುವುದು ಚಳಿಗಾಲ ಕಳೆಯುವ ಹೊತ್ತಿಗೆ. ಅಷ್ಟರಲ್ಲಿ ಶೀತಲಗೃಹಗಳಲ್ಲಿ ಹಿಂದಿನ ಸಾಲಿನ ಮಾಲು ಕೂತಿರುತ್ತದೆ. ಪ್ರತಿಯೊಬ್ಬನ ಲೆಕ್ಕವೂ ಸರಿ. ಎಲ್ಲರ ಲೆಕ್ಕ ಕೂಡಿದಾಗ ತಪ್ಪು. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ತಪ್ಪನ್ನು ಆ ದಿನದಲ್ಲೇ ಹುಡುಕಿದವರಿಗೆ ಹಿಂದಿನ ಮುಂಗಾರು ಕಾಣಲಿಲ್ಲ.

ಕಾಮಗಾರಿಗಳಿಗೆ ಬರೋಣ. ಇಲ್ಲಿ ಈ ಶಾಸ್ತ್ರದ ದೊಡ್ಡ ಪರೀಕ್ಷೆ ನಡೆದದ್ದು ಮಿಸಿಸಿಪಿ ರಾಜ್ಯದ ಇಂಗಾಲ್ಸ್ ಹಡಗುಕಟ್ಟೆಯಲ್ಲಿ, 1970ರ ದಶಕದಲ್ಲಿ. ಅಮೆರಿಕದ ನೌಕಾಪಡೆಗಾಗಿ ಕಟ್ಟುತ್ತಿದ್ದ ಹಡಗುಗಳ ಖರ್ಚು ಮಿತಿಮೀರಿತು. ನೀವು ನಡುನಡುವೆ ವಿನ್ಯಾಸ ಬದಲಿಸಿದಿರಿ ಎಂದು ಕಂಪನಿ. ನಿಮ್ಮ ನಿರ್ವಹಣೆಯೇ ಕೆಟ್ಟದ್ದು ಎಂದು ನೌಕಾಪಡೆ. ಕೆನೆತ್ ಕೂಪರ್ ಮತ್ತು ಅವರ ಸಂಗಡಿಗರು ಇಡೀ ಕೆಲಸದ ಗಣಕ ಪ್ರತಿರೂಪವನ್ನು ಕಟ್ಟಿದರು. ಬದಲಾವಣೆಗಳಾಗಿದ್ದರೆ ಏನು, ಆಗದಿದ್ದರೆ ಏನು ಎಂದು ಎರಡು ಬಗೆಯಲ್ಲಿ ನಡೆಸಿ ನೋಡಿದರು. 1978ರಲ್ಲಿ ವ್ಯಾಜ್ಯ ನ್ಯಾಯಾಲಯದ ಹೊರಗೆ 44.7 ಕೋಟಿ ಡಾಲರುಗಳಿಗೆ ಮುಗಿಯಿತು.

ಕೂಪರ್ ಆ ಪ್ರತಿರೂಪದ ನಡುವೆ ಇಟ್ಟದ್ದು ‘ಮರುಗೆಲಸ’ ಎಂಬ ಒಂದು ಕೆರೆಯನ್ನು. ಇದನ್ನು ನನಗೆ ಅರ್ಥಮಾಡಿಸಿದ್ದು ಮಾತ್ರ ಅಚ್ಚಿನ ಮನೆ. ಮೊಳೆ ಜೋಡಿಸುವ ಕಾಲದಲ್ಲಿ ಪುಸ್ತಕ ಅಚ್ಚು ಹಾಕಿಸಿದವರಿಗೆ ಗೊತ್ತು: ನೂರು ಪುಟ ಜೋಡಿಸಿ ಆಯಿತು ಎಂದರೆ ನೂರು ಪುಟ ಆಯಿತೆಂದಲ್ಲ. ಅವುಗಳಲ್ಲಿ ಎಷ್ಟು ತಪ್ಪು ಅಡಗಿವೆಯೋ ಕರಡು ಕೈಗೆ ಬರುವವರೆಗೆ ತಿಳಿಯದು. ತಡವಾಯಿತೆಂದು ಮೊಳೆ ಜೋಡಿಸುವವನನ್ನು ರಾತ್ರಿ ಕೂರಿಸಿದರೆ ಪುಟ ಹೆಚ್ಚುತ್ತದೆ, ತಪ್ಪು ಅದಕ್ಕಿಂತ ಹೆಚ್ಚುತ್ತದೆ. ಹೊಸ ಹುಡುಗರನ್ನು ತಂದರೆ ಅವರಿಗೆ ಕಲಿಸಲು ಹಳಬನ ಹೊತ್ತು ಹೋಗುತ್ತದೆ. (ಗಣಕ ತಂತ್ರಾಂಶದ ಕೆಲಸಗಳ ಬಗ್ಗೆ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದೂ ಇದೇ: ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನಷ್ಟು ತಡ.) ಕಾಲುವೆಯೂ ಹಾಗೆ. ಅವಸರದಲ್ಲಿ ಮಾಡಿದ ಅಸ್ತರಿ ನೀರು ಬಿಟ್ಟಾಗ ಬಿರಿಯುತ್ತದೆ. ನಡುವೆ ಎರಡು ಹೊಲ ಕೈಗೆ ಬಂದಿಲ್ಲವೆಂದು ಹಿಂದೆ ಮುಂದೆ ಅಗೆದು ಬಿಟ್ಟ ಕಾಲುವೆ, ಆ ಹೊಲ ಸಿಗುವ ವೇಳೆಗೆ ಹೂಳು ತುಂಬಿ ಜಾಲಿ ಬೆಳೆದಿರುತ್ತದೆ. ವರದಿಯಲ್ಲಿ ಅದು ‘ಮುಗಿದ ಕೆಲಸ’. ಶೇಕಡಾ ತೊಂಬತ್ತು ಮುಗಿದಿದೆ ಎಂಬ ಮಾತು ವರ್ಷವರ್ಷವೂ ಅಲ್ಲೇ ನಿಲ್ಲುವ ಮರ್ಮ ಇಲ್ಲಿದೆ.

ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ಮರುಸುತ್ತು ಇದೆ. ಅದನ್ನು ಹಡಗುಕಟ್ಟೆಯವರು ಕಂಡವರಲ್ಲ. 1894ರ ಹಳೆಯ ಭೂಸ್ವಾಧೀನ ಕಾಯಿದೆಯಂತೆ ನ್ಯಾಯಾಲಯ ಹೆಚ್ಚಿಸಿದ ಪರಿಹಾರಕ್ಕೆ, ನೆಲ ವಶಪಡಿಸಿಕೊಂಡ ದಿನದಿಂದ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ. ಹೆಚ್ಚುವರಿ ಒಂದು ಲಕ್ಷ ರೂಪಾಯಿ ಹತ್ತು ವರ್ಷ ಉಳಿದರೆ ಮೊದಲ ವರ್ಷಕ್ಕೆ ಒಂಬತ್ತು ಸಾವಿರ, ಮುಂದಿನ ಒಂಬತ್ತು ವರ್ಷಕ್ಕೆ ಒಂದು ಲಕ್ಷ ಮೂವತ್ತೈದು ಸಾವಿರ. ಕೊಡಬೇಕಾದದ್ದು ಎರಡು ಲಕ್ಷ ನಲವತ್ತನಾಲ್ಕು ಸಾವಿರ. ಈ ಹಣ ಬರುವುದು ಅದೇ ಯೋಜನೆಯ ಬೊಕ್ಕಸದಿಂದ. ಬಡ್ಡಿಗೆ ಹೋದಷ್ಟು ಕೆಲಸಕ್ಕೆ ಕಡಿಮೆ. ಕೆಲಸ ಕುಂಟಿದರೆ ಮುಂದಿನ ಹೊಲಗಳ ಪರಿಹಾರವೂ ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದು ಮತ್ತೆ ಬಡ್ಡಿ ಬೆಳೆಸುತ್ತದೆ. ಈ ವರ್ಷ ಉಳಿಸಿದೆವೆಂದು ಪರಿಹಾರ ತಡೆದ ಅಧಿಕಾರಿ ಕೆಟ್ಟವನೇನಲ್ಲ. ಅವನ ಕಣ್ಣಿಗೆ ಬೀಳುವ ಕಾಗದ ಮಾರ್ಚ್ 31ಕ್ಕೆ ಮುಗಿದುಹೋಗುತ್ತದೆ, ಅಷ್ಟೇ. ನೆಲ ಕೊಟ್ಟು, ಹಣಕ್ಕಾಗಿ ಅಲೆದು, ಕೊನೆಗೆ ತನ್ನದೇ ಕಾಲುವೆಯ ನೀರು ತನ್ನೂರಿಗೆ ಮುಟ್ಟದ ರೈತನಿಗೆ ಈ ಸುತ್ತಿನ ಮೂರು ಏಟೂ ಬೀಳುತ್ತವೆ.

ಹಾಗೆಂದು ಗಣಕದ ಪ್ರತಿರೂಪ ಕಟ್ಟಿದೊಡನೆ ಕಾಲುವೆ ಹರಿಯುತ್ತದೆಂದು ನಾನು ಹೇಳಲಾರೆ. ಫಾರೆಸ್ಟರರು 1971ರಲ್ಲಿ ಇಡೀ ಜಗತ್ತಿಗೇ ಒಂದು ಪ್ರತಿರೂಪ ಕಟ್ಟಿದಾಗ ಅರ್ಥಶಾಸ್ತ್ರಜ್ಞರು ಅದನ್ನು ಬಲವಾಗಿ ಖಂಡಿಸಿದರು. ಆ ಖಂಡನೆಯಲ್ಲಿ ಹುರುಳಿತ್ತು. ಊಹೆಯನ್ನು ಅಂಕಿಯ ರೂಪದಲ್ಲಿ ಇಟ್ಟರೆ ಅದು ಸತ್ಯದ ಮುಖವಾಡ ತೊಡುತ್ತದೆ. ಲಂಚವನ್ನು ಯಾವ ಸಮೀಕರಣವೂ ನಿಲ್ಲಿಸದು. ನಾನು ಈ ವಿದ್ಯೆಯಲ್ಲಿ ಮೆಚ್ಚುವುದು ಅದರ ಭವಿಷ್ಯವಾಣಿಯನ್ನಲ್ಲ, ಅದು ಕೇಳಿಸುವ ಪ್ರಶ್ನೆಯನ್ನು. ‘ತಪ್ಪು ಯಾರದು?’ ಎಂದು ನಾವು ಕೇಳುವಲ್ಲಿ ಅದು ‘ಯಾವ ಕೆರೆ ತುಂಬುತ್ತಿದೆ, ನಮಗೇಕೆ ಕಾಣುತ್ತಿಲ್ಲ?’ ಎಂದು ಕೇಳುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಒಬ್ಬ ಇಂಜಿನಿಯರರ ವರ್ಗಾವಣೆಯಾಗುತ್ತದೆ. ಬಂದವರ ಕೈಗೂ ಅದೇ ಕಾಗದ, ಅದೇ ಮಾರ್ಚ್ 31.

ದೊಡ್ಡ ಯಂತ್ರವೇನೂ ಬೇಡದ ಒಂದು ಕೆಲಸವನ್ನು ಮಾತ್ರ ಸೂಚಿಸಬಲ್ಲೆ. ಕಾಮಗಾರಿಯ ಸ್ಥಳದಲ್ಲಿ ನೆಡುವ ಫಲಕದಲ್ಲಿ ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನ ಇರುತ್ತವೆ. ಅದರ ಕೆಳಗೆ ಇನ್ನೆರಡು ಸಾಲು ಬರೆಯಲು ಬಣ್ಣ ಹೆಚ್ಚು ಬೇಕಾಗದು. ಕಳೆದ ವರ್ಷ ಮುಗಿಯಿತೆಂದು ತೋರಿಸಿದ್ದರಲ್ಲಿ ಈ ವರ್ಷ ಮತ್ತೆ ಕೈಹಾಕಬೇಕಾದದ್ದು ಎಷ್ಟು. ಈ ದಾರಿಯಲ್ಲಿ ನೆಲ ಕೊಟ್ಟು ಪೂರ್ತಿ ಹಣ ಪಡೆಯದವರಲ್ಲಿ ಅತ್ಯಂತ ಹಳೆಯ ಕಡತ ಯಾವ ವರ್ಷದ್ದು.