ಅಮ್ಮನಿಗೂ ಪ್ರವೇಶವಿಲ್ಲದ ಬೆಟ್ಟ: ಕೋಯಾಸಾನ್‌ನ ಹಳೆಯ ಕಾಲುದಾರಿಗಳು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರನ್ನ ಇವತ್ತು ಸ್ವಲ್ಪ ದೂರ ನಡೆಸ್ಕೊಂಡು ಹೋಗ್ತೀನಿ. ಜಪಾನಿನ ಬೆಟ್ಟಗಳಿಗೆ.

ಒಸಾಕಾದಿಂದ ದಕ್ಷಿಣಕ್ಕೆ ಕೀ ಪರ್ಯಾಯದ್ವೀಪ ಇದೆ. ಅಲ್ಲಿ ಸುಮಾರು 800 ಮೀಟರ್ ಎತ್ತರದಲ್ಲಿರೋ ಮಠಗಳ ಊರೇ ಕೋಯಾಸಾನ್. 816ರಲ್ಲಿ ಕೂಕಾಯ್ ಅನ್ನೋ ಬೌದ್ಧ ಸನ್ಯಾಸಿಗೆ ಚಕ್ರವರ್ತಿ ಈ ಜಾಗ ಕೊಟ್ಟ. ಇವತ್ತೂ ನೂರಕ್ಕೂ ಹೆಚ್ಚು ದೇಗುಲಗಳಿವೆ. ರೈಲು, ಕೇಬಲ್ ಕಾರ್ ಹಿಡಿದು ಆರಾಮಾಗಿ ಹೋಗಬಹುದು. ಆದರೆ ನಮಗೆ ಬೇಕಾಗಿರೋದು ಕಾಲುದಾರಿ.

ಅದರ ಹೆಸರು ಚೋಇಶಿಮಿಚಿ. 'ಚೋ' ಅಂದ್ರೆ ಹಳೆಯ ಅಳತೆ, ಸುಮಾರು 109 ಮೀಟರ್. ಬೆಟ್ಟದ ಬುಡದ ಕುದೊಯಾಮಾ ಊರಲ್ಲಿರೋ ಜಿಸೊನ್-ಇನ್ ದೇಗುಲದಿಂದ ಮೇಲಿನ ಮುಖ್ಯ ದೇಗುಲ ಸಮುಚ್ಚಯದವರೆಗೆ ಚೋಗೊಂದರಂತೆ 180 ಕಲ್ಲುಕಂಬ ನಿಲ್ಲಿಸಿದ್ದಾರೆ. ಬುಡದಲ್ಲಿ 180, ಹತ್ತುತ್ತಾ 179, 178... ಕೊನೆಗೆ 1. ಸುಸ್ತಾದವರಿಗೆ ಇದಕ್ಕಿಂತ ಒಳ್ಳೆ ಆ್ಯಪ್ ಇಲ್ಲ ಬಿಡಿ! ಮೊದಲು ಮರದ ಕಂಬಗಳಿದ್ದವು. 1265ರಲ್ಲಿ ಶುರುಮಾಡಿ 1285ರ ಹೊತ್ತಿಗೆ ಕಲ್ಲಿನವು ಬಂದವು. ಬಹುಪಾಲು ಆಗಿನವೇ ಇನ್ನೂ ನಿಂತಿವೆ.

ಹತ್ತಿರ ಹೋಗಿ ನೋಡಿದ್ರೆ ಕಂಬದ ಮೇಲೆ ಒಂದು ಅಕ್ಷರ ಕೆತ್ತಿರುತ್ತೆ. ಅದು ಜಪಾನಿ ಅಲ್ಲ, ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರ. ನಮ್ಮ ಕನ್ನಡದಂತೆ ಅದೂ ಬ್ರಾಹ್ಮಿಯ ಮೊಮ್ಮಗುವೇ. ಜಪಾನಿ ಅಕ್ಷರಮಾಲೆಯನ್ನ ಇವತ್ತಿಗೂ ಅ, ಕ, ಸ, ತ, ನ, ಹ, ಮ, ಯ, ರ, ವ ಅಂತ ಜೋಡಿಸೋದಕ್ಕೂ ಸನ್ಯಾಸಿಗಳ ಈ ಸಂಸ್ಕೃತ ಅಭ್ಯಾಸವೇ ಕಾರಣ. ನಮ್ಮ ವರ್ಣಮಾಲೆಯ ಕ್ರಮ ಎಲ್ಲಿ ತನಕ ನಡ್ಕೊಂಡು ಹೋಗಿದೆ ನೋಡಿ.

ಈಗ ಬುಡದ ಆ ದೇಗುಲಕ್ಕೆ ಬರೋಣ. ಕೋಯಾಸಾನ್‌ಗೆ ಹೆಂಗಸರು ಕಾಲಿಡೋ ಹಾಗಿರಲಿಲ್ಲ. ಮಗನನ್ನ ನೋಡೋಕೆ ಶಿಕೋಕು ದ್ವೀಪದಿಂದ ಬಂದ ಕೂಕಾಯ್ ತಾಯಿಯೂ ಕೆಳಗೇ ಉಳಿಯಬೇಕಾಯ್ತಂತೆ. ಮಗನೇ ತಿಂಗಳಿಗೆ ಒಂಬತ್ತು ಸಲ ಇಳಿದು ಬರ್ತಿದ್ದ ಅಂತ ಐತಿಹ್ಯ. ಕುದೊಯಾಮಾ ಅಂದ್ರೆ 'ಒಂಬತ್ತು ಸಲದ ಬೆಟ್ಟ'. ಇಪ್ಪತ್ತು ಕಿಲೋಮೀಟರ್ ಇಳಿದು, ಮತ್ತೆ ಹತ್ತಬೇಕು. ಕೇಳೋಕೆ ಚಂದದ ಕಥೆ, ಒಪ್ತೀನಿ. ಆದರೆ ತಾಯಿಗೋಸ್ಕರವೂ ನಿಯಮ ಬದಲಾಗಲಿಲ್ಲ ಅನ್ನೋದು ನನಗೆ ಜಾಸ್ತಿ ಕಾಡುತ್ತೆ.

ಹಾಗಂತ ಹೆಂಗಸರು ಸುಮ್ಮನೆ ವಾಪಸ್ ಹೋಗಲಿಲ್ಲ. ಕೋಯಾಸಾನ್‌ಗೆ ಏಳು ಪ್ರವೇಶದ್ವಾರ. ಒಂದೊಂದರ ಹತ್ತಿರವೂ 'ನ್ಯೋನಿನ್-ದೋ', ಅಂದ್ರೆ ಹೆಂಗಸರ ಮಂದಿರ. ಅಲ್ಲಿ ತಂಗಿ, ಪ್ರಾರ್ಥನೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಬೆಟ್ಟದ ಅಂಚಿನಲ್ಲೇ ನಡೀತಿದ್ರು. ಒಳಗೆ ಬಿಡದ ಊರಿನ ಸುತ್ತ ಅವರ ಕಾಲು ಸವೆಸಿದ ದಾರಿಯೇ 'ನ್ಯೋನಿನ್-ಮಿಚಿ'. ಮೀಜಿ ಸರ್ಕಾರ 1872ರಲ್ಲಿ ಇಂಥ ನಿಷೇಧಗಳನ್ನ ತೆಗೆದುಹಾಕಿತು, ಆದ್ರೂ ಕೋಯಾಸಾನ್ ಪೂರ್ತಿ ತೆರೆದುಕೊಂಡಿದ್ದು 20ನೇ ಶತಮಾನದ ಆರಂಭದಲ್ಲಿ. ಏಳು ಮಂದಿರಗಳಲ್ಲಿ ಈಗ ಉಳಿದಿರೋದು ಒಂದೇ. ದಾರಿ ಮಾತ್ರ ಇದೆ. ಯಾರು ಬೇಕಾದರೂ ನಡೀಬಹುದು, ಒಂದು ದಿನ ಸಾಕು.

ಇನ್ನೂ ನಡೀಬೇಕು ಅನ್ನೋರಿಗೆ ಕೋಯಾಸಾನ್‌ನಿಂದಲೇ ಕೊಹೆಚಿ ಶುರು. ದಕ್ಷಿಣದ ಕುಮಾನೋ ಹೊಂಗೂ ದೇಗುಲಕ್ಕೆ ಸುಮಾರು 70 ಕಿ.ಮೀ., 1,000 ಮೀಟರ್‌ಗಿಂತ ಎತ್ತರದ ಮೂರು ಘಾಟಿ, ಸಾಮಾನ್ಯವಾಗಿ ನಾಲ್ಕು ದಿನ. ದಿನಕ್ಕೊಂದು ಘಾಟಿ ಹತ್ತಿ ಸಣ್ಣ ಹಳ್ಳಿಗೆ ಇಳೀಬೇಕು. ಮಧ್ಯೆ ಅಂಗಡಿ ಸಿಗೋದು ಕಡಿಮೆ, ರೂಮು ಮೊದಲೇ ಬುಕ್ ಆಗಿರಬೇಕು. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಆಗ ಬೇಡ. ಮೂರನೇ ದಿನ ತೊತ್ಸುಕಾವಾದಲ್ಲಿ ಬಿಸಿನೀರಿನ ಬುಗ್ಗೆ ಸಿಗುತ್ತೆ; ಮಂಡಿ ನೋವಿಗೆ ಅದೇ ಔಷಧಿ. ತಮಾಷೆ ಏನಪ್ಪಾ ಅಂದ್ರೆ, ದಾರಿಯ ಆ ತುದಿಯ ಕುಮಾನೋ ಹಿಂದಿನಿಂದಲೂ ಹೆಂಗಸರನ್ನ ಬರಮಾಡಿಕೊಂಡ ಕ್ಷೇತ್ರ.

ಚೋಇಶಿಮಿಚಿ, ಕೊಹೆಚಿ ದಾರಿಗಳು 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅದೇ ಪಟ್ಟಿಯಲ್ಲಿ ಓಮಿನೆ ಬೆಟ್ಟದ ದಾರಿಯೂ ಇದೆ. ಅಲ್ಲಿನ 1,719 ಮೀಟರ್ ಎತ್ತರದ ಸಂಜೋಗಾತಕೆ ಶಿಖರದ ದಾರಿಗೆ ಅಡ್ಡವಾಗಿ ಒಂದು ಮರದ ದ್ವಾರ. ಹೆಂಗಸರು ಇಲ್ಲಿಂದ ಮುಂದೆ ಹೋಗುವಂತಿಲ್ಲ ಅನ್ನೋ ಬರಹ ಇವತ್ತಿಗೂ ಅದರ ಹತ್ತಿರ ಇದೆ.