ಮರೆಯಾದ ಎರಡು ಅಕ್ಷರಗಳು

ಚೀನಾದಲ್ಲಿ 1716ರಲ್ಲಿ ಮುಗಿದ ಕಾಂಗ್‌ಶಿ ನಿಘಂಟಿನಲ್ಲಿ ಸುಮಾರು 47,000 ಲಿಪಿಚಿಹ್ನೆಗಳಿವೆ. ದಿನಬಳಕೆಗೆ ಮೂರು ಸಾವಿರ ಚಿಲ್ಲರೆ ಸಾಕು; ಉಳಿದ ಬಹುಪಾಲನ್ನು ಹೆಚ್ಚಿನವರು ಕಂಡೇ ಇರುವುದಿಲ್ಲ.

ಹಾಗೆ ಕಣ್ಮರೆಯಾದ ಅಕ್ಷರಗಳು ನಮ್ಮಲ್ಲೂ ಇವೆ. ಹಳಗನ್ನಡದ ಱ ಮತ್ತು ೞ. ಮೊದಲನೆಯದು ಶಕಟರೇಫ, ಎರಡನೆಯದು ರಳ. ಹಳಿಯಾಳದ ಸಾಂಬ್ರಾಣಿಯ ಹೊಲಗಳ ಮೇಲೆ ಇಂದು ಸುರಿಯುವ ಮಳೆ ಅಂದು 'ಮೞೆ' ಆಗಿತ್ತು. ಕೋಳಿ 'ಕೋೞಿ', ಬಾಳೆ 'ಬಾೞೆ'. ತಮಿಳು, ಮಲಯಾಳಂಗಳಲ್ಲಿ ಈ ರಳ ಇಂದಿಗೂ ನಾಲಿಗೆಯ ಮೇಲಿದೆ.

ಅಕ್ಷರ ಹೋದರೆ ಅರ್ಥವೂ ಬೆರೆಯುತ್ತದೆ, ನನ್ನನ್ನು ಕಾಡುವುದು ಇದೇ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಈಗ ಎರಡಕ್ಕೂ ಒಂದೇ ಬರಹ. ಉಚ್ಚಾರದಲ್ಲಿ ೞ ಕರಗಿ ಳ ಆಗುತ್ತಿದ್ದುದರಿಂದ, ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ 'ಶಬ್ದಮಣಿದರ್ಪಣ'ದಲ್ಲಿ ರಳ ಬರುವ ಪದಗಳನ್ನು ಪಟ್ಟಿಮಾಡಿಯೇ ಇಟ್ಟ. ಎಂಥ ಮುತುವರ್ಜಿ! ಹಳಿಯಾಳದಂತೆ ನಮ್ಮ ಜಿಲ್ಲೆಯದೇ ಆದ ಬನವಾಸಿಯನ್ನು ಹಾಡಿ ಹೊಗಳಿದ ಪಂಪನನ್ನು ಸರಿಯಾಗಿ ಓದಬೇಕಾದರೂ ಈ ಎರಡರ ಪರಿಚಯ ಬೇಕು.

ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಇವೆರಡಕ್ಕೂ ಜಾಗವಿದೆ. ಆದರೆ ೞ ಅಲ್ಲಿ ತಪ್ಪಾಗಿ 'ಫ' ಎಂಬ ಹೆಸರಿನಲ್ಲಿ ಸೇರಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ.