ಕೀಲುವಾತಕ್ಕೆ ಸೂಜಿಮದ್ದು: ತಿಳಿದು ಚುಚ್ಚಿಸಿಕೊಳ್ಳೋಣ

(ನಿಡಘಟ್ಟದ ಕಲಿಕಾ ಕೇಂದ್ರದಲ್ಲಿ ಅಕ್ಕತಂಗಿಯರ ಮುಂದೆ ಆಡಿದ ಮಾತು)



ಹೊಲದ ಕೆಲಸ ಮುಗಿಸಿ, ಹಾಲು ಕರೆದು ಡೈರಿಗೆ ಹಾಕಿ, ಬಿಡುವು ಮಾಡಿಕೊಂಡು ಬಂದಿದ್ದೀರಿ. ಇವತ್ತು ನಾವು ಕೈಯ ವಿಷಯ ಮಾತಾಡೋಣ.

ನಿಮ್ಮ ಕೈ ಒಂದ್ಸಲ ನೋಡ್ಕೊಳ್ಳಿ. ಈ ಕೈ ನಾಟಿ ಹಾಕಿದೆ. ಕಬ್ಬಿನ ತರಗು ಸುಲಿದಿದೆ. ಹಿಪ್ಪುನೇರಳೆ ಸೊಪ್ಪು ಕುಯ್ದಿದೆ. ಹಿಟ್ಟು ತೊಳಸಿದೆ. ಈಗ ಪೆನ್ನು ಹಿಡಿದು ಹೆಸರು ಬರೆದಿದೆ. ಇಂಥ ಕೈ ಬೆಳಗ್ಗೆ ಎದ್ದಾಗ ಮಡಚಕ್ಕೇ ಬರದಿದ್ದರೆ ಏನು ಗತಿ?

ನಮ್ಮ ನಡುವೆ ಒಬ್ಬ ಅಕ್ಕ ಇದ್ದಾಳೆ. ಹೆಸರು ಬೇಡ. ಅವಳಿಗೆ ಮೊದಲು ಎರಡು ಕೈ ಬೆರಳಿನ ಗಿಣ್ಣುಗಳೂ ಊದಿದವು. ಆಮೇಲೆ ಮಣಿಕಟ್ಟು, ಆಮೇಲೆ ಕಾಲು. ಬೆಳಗ್ಗೆ ಎದ್ದರೆ ಕೈ ಮರದ ಕೊರಡು. ಬಿಸಿಲು ಏರುವ ತನಕ ಚೊಂಬು ಹಿಡಿಯಲೂ ಆಗದು. "ವಾಯು ಕಣೆ" ಅಂದರು ಕೆಲವರು. "ಬಾಣಂತಿಯಾಗಿದ್ದಾಗ ತಣ್ಣೀರು ಮುಟ್ಟಿದೀಯ" ಅಂದರು ಇನ್ನು ಕೆಲವರು. ಎಲ್ಲೋ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಳು. ನಾಲ್ಕು ದಿನ ಸುಖ. ಆಮೇಲೆ ಮತ್ತೆ ಅದೇ ನೋವು. ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. "ಇದು ಕೀಲುವಾತ" ಅಂದರು. ಡಾಕ್ಟರು ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ವಯಸ್ಸಾದವರಿಗೇ ಬರಬೇಕೆಂದಿಲ್ಲ. ಮೂವತ್ತು, ನಲವತ್ತರ ವಯಸ್ಸಿನಲ್ಲೂ ಬರುತ್ತದೆ.

ಇದು ಯಾಕೆ ಬರುತ್ತದೆ? ನಮ್ಮ ಮೈಯಲ್ಲಿ ರೋಗ ತಡೆಯುವ ಒಂದು ಶಕ್ತಿ ಇದೆ. ಹೊರಗಿನಿಂದ ರೋಗಾಣು ಬಂದರೆ ಅದು ಹೊಡೆದೋಡಿಸುತ್ತದೆ. ಕೆಲವರ ಮೈಯಲ್ಲಿ ಈ ಕಾವಲು ದಾರಿ ತಪ್ಪುತ್ತದೆ. ತಮ್ಮದೇ ಕೀಲನ್ನು ಶತ್ರು ಎಂದು ತಿಳಿದು ಹೊಡೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದು ಯಾರ ಶಾಪವೂ ಅಲ್ಲ. ನೀವು ಮಾಡಿದ ತಪ್ಪೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ.

ಬಿಟ್ಟರೆ ಮೂಳೆ ಸವೆಯುತ್ತದೆ. ಬೆರಳು ಸೊಟ್ಟಗಾಗುತ್ತದೆ. ಸೊಟ್ಟಗಾದ ಬೆರಳನ್ನು ಯಾವ ಮದ್ದೂ ನೆಟ್ಟಗೆ ಮಾಡದು. ಅದಕ್ಕೇ ಬೇಗ ತೋರಿಸಬೇಕು. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಇಳಿಯುವುದಿಲ್ಲವೇ? ಗಿಣ್ಣುಗಳ ಊತ ಆರು ವಾರ ಕಳೆದರೂ ಹೋಗುವುದಿಲ್ಲವೇ? ಹಾಗಿದ್ದರೆ ಕಾಯಬೇಡಿ.

ಆ ಅಕ್ಕನಿಗೆ ಮೊದಲು ಮಾತ್ರೆ ಕೊಟ್ಟರು. ಹೆಸರು ಮೆಥೋಟ್ರೆಕ್ಸೇಟ್. ಕೀಲುವಾತಕ್ಕೆ ಹೆಚ್ಚಾಗಿ ಮೊದಲು ಕೊಡುವ ಮದ್ದು ಇದೇ. ಒಳ್ಳೆಯ ಮದ್ದು. ಆದರೆ ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಚೀಟಿಯಲ್ಲಿ ಹಾಗೇ ಬರೆದಿತ್ತು. ಅವಳಿಗೆ ಓದು ಬರದು. ಮಾತ್ರೆ ಎಂದರೆ ದಿನಾ ನುಂಗುವುದು ಎಂದುಕೊಂಡಳು. ದಿನಾ ನುಂಗಿದಳು. ಬಾಯೆಲ್ಲ ಹುಣ್ಣಾಯಿತು. ನೀರು ಇಳಿಯದಾಯಿತು. ಜ್ವರ ಬಂತು. ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಉಳಿದುಕೊಂಡಳು. ನಮ್ಮ ಪುಣ್ಯ.

ಅಲ್ಲಿಂದ ಬಂದವಳೇ, "ನನಗೂ ಸ್ಲೇಟು ಕೊಡಿ" ಅಂದಳು. ಇವತ್ತು ಇಲ್ಲೇ ಕೂತಿದ್ದಾಳೆ. ನಗ್ತಾ ಇದಾಳೆ ನೋಡಿ!

ಆಮೇಲೆ ಮಾತ್ರೆಯನ್ನು ಸರಿಯಾಗಿಯೇ ನುಂಗಿದಳು. ಆದರೂ ಊತ ಪೂರ್ತಿ ಇಳಿಯಲಿಲ್ಲ. ಆಗ ಡಾಕ್ಟರು ಸೂಜಿಮದ್ದಿನ ಮಾತೆತ್ತಿದರು. ಇದು ನೋವಿನ ಇಂಜೆಕ್ಷನ್ ಅಲ್ಲ. ಬೇರೆ ಜಾತಿಯ ಮದ್ದು. ಇದಕ್ಕೆ ಬಯಾಲಾಜಿಕ್ ಎಂದು ಹೆಸರು. ಎಂದರೆ ಜೀವಕೋಶಗಳಿಂದ ತಯಾರಿಸಿದ ಮದ್ದು.

ಅದು ಹೇಗೆ ಕೆಲಸ ಮಾಡುತ್ತದೆ? ಊರಿಗೆ ಕಳ್ಳ ಬಂದರೆ ತಮಟೆ ಹೊಡೆಯುತ್ತಾರೆ. ಜನ ದೊಣ್ಣೆ ಹಿಡಿದು ಬರುತ್ತಾರೆ. ನಮ್ಮ ಮೈಯಲ್ಲೂ ಅಂಥ ತಮಟೆ ಇದೆ. ಅದರ ಹೆಸರು ಟಿ.ಎನ್.ಎಫ್. ಕೀಲುವಾತ ಬಂದವರಲ್ಲಿ ಕಳ್ಳ ಇಲ್ಲದಿದ್ದರೂ ಈ ತಮಟೆ ಬಡಿಯುತ್ತಲೇ ಇರುತ್ತದೆ. ಕಾವಲಿನವರು ಕೀಲಿಗೆ ನುಗ್ಗುತ್ತಲೇ ಇರುತ್ತಾರೆ. ಈ ಮದ್ದು ಹೋಗಿ ತಮಟೆಯ ಕೋಲನ್ನು ಹಿಡಿದುಕೊಳ್ಳುತ್ತದೆ. ಸದ್ದು ಅಡಗುತ್ತದೆ. ಊತ ಇಳಿಯುತ್ತದೆ.

ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ಪಂಜಾಬಿನ ಲೂಧಿಯಾನದಲ್ಲಿ ಹುಟ್ಟಿದ ಡಾಕ್ಟರ್ ರವೀಂದರ್ ಮೈನಿ. ಇನ್ನೊಬ್ಬರು ಮಾರ್ಕ್ ಫೆಲ್ಡ್‌ಮನ್. ಇಬ್ಬರೂ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದರು. 1992ರಲ್ಲಿ ಅಲ್ಲಿ ಕೀಲುವಾತದ 20 ಜನರಿಗೆ ಇಂಥ ಮದ್ದು ಕೊಡಲು ಶುರು ಮಾಡಿದರು. 2002ರಲ್ಲಿ ಅಡಲಿಮುಮಾಬ್ ಎಂಬ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಅಹಮದಾಬಾದಿನ ಕಂಪನಿ ಅದೇ ಬಗೆಯ ಮದ್ದನ್ನು ನಮ್ಮ ದೇಶದಲ್ಲಿ ತಯಾರಿಸಿ ಮಾರಾಟಕ್ಕೆ ತಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇನ್ನೊಂದು ಬಯಾಲಾಜಿಕ್ ಮದ್ದು ತಂದಿತು. ಅದೂ ಬೇಲಿ ಹೊಲ ಮೇಯುವ ಬಗೆಯ ರೋಗವೇ.

"ಸೂಜಿಯೇ ಯಾಕೆ, ಮಾತ್ರೆ ಮಾಡಬಾರದಾ?" ಎಂದು ನೀವು ಕೇಳಬಹುದು. ಈ ಮದ್ದು ಮೊಟ್ಟೆಯ ಲೋಳೆಯ ಹಾಗೆ. ನುಂಗಿದರೆ ಹೊಟ್ಟೆಯಲ್ಲಿ ಅರಗಿಹೋಗುತ್ತದೆ. ಅದಕ್ಕೇ ಚರ್ಮದ ಕೆಳಗೆ ಚುಚ್ಚಬೇಕು. ಅಡಲಿಮುಮಾಬ್ ಆದರೆ ಸಾಮಾನ್ಯವಾಗಿ 14 ದಿನಕ್ಕೊಮ್ಮೆ.

ಈಗ ಗಮನ ಇಟ್ಟು ಕೇಳಿ. ತಮಟೆ ಅಡಗಿದಾಗ ನಿಜವಾದ ಕಳ್ಳ ಬಂದರೆ? ಗೊತ್ತಾಗುವುದು ತಡ. ಆ ಕಳ್ಳ ಯಾರು? ನಮ್ಮ ಕಡೆ ಹೆಚ್ಚು ಭಯ ಇರುವುದು ಕ್ಷಯಕ್ಕೆ, ಎಂದರೆ ಟಿ.ಬಿ.ಗೆ. ಎಷ್ಟೋ ಜನರ ಮೈಯಲ್ಲಿ ಟಿ.ಬಿ. ರೋಗಾಣು ಸದ್ದಿಲ್ಲದೆ ಮಲಗಿರುತ್ತದೆ. ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ಸೂಜಿಮದ್ದು ಶುರುವಾದರೆ ಅದು ಎದ್ದುಬಿಡಬಹುದು. ಆದ್ದರಿಂದ ಮೊದಲ ಸೂಜಿಗೆ ಮುಂಚೆಯೇ ಎದೆಯ ಎಕ್ಸ್‌ರೇ ಆಗಬೇಕು. ಚರ್ಮದ ಅಥವಾ ರಕ್ತದ ಪರೀಕ್ಷೆ ಆಗಬೇಕು. ರೋಗಾಣು ಮಲಗಿದೆ ಎಂದು ಗೊತ್ತಾದರೆ ಅದಕ್ಕೆ ಮಾತ್ರೆ ಇದೆ. ಈ ಸೂಜಿಮದ್ದು ಶುರು ಮಾಡುವವರಿಗೂ ಟಿ.ಬಿ. ತಡೆಯ ಮಾತ್ರೆ ಕೊಡಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿ.ಬಿ. ಆಗಿತ್ತಾ? ನಾಚಿಕೆ ಪಡಬೇಡಿ. ಮುಚ್ಚಿಡಬೇಡಿ. ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ನೀವೇ ಹೇಳಿ.

ಸೂಜಿ ಶುರುವಾದ ಮೇಲೂ ಎಚ್ಚರ ಇರಲಿ. ಜ್ವರ, ಎರಡು ವಾರ ನಿಲ್ಲದ ಕೆಮ್ಮು, ಮೈ ಇಳಿಯುವುದು, ರಾತ್ರಿ ಬೆವರುವುದು, ಕೀವು ತುಂಬಿದ ಗಾಯ, ಇವುಗಳಲ್ಲಿ ಒಂದು ಕಂಡರೂ ಮುಂದಿನ ಸೂಜಿಗೆ ಮೊದಲು ಡಾಕ್ಟರನ್ನು ಕೇಳಿ. ಯಾವುದೇ ಲಸಿಕೆ ಹಾಕಿಸುವ ಮುಂಚೆಯೂ "ನಾನು ಈ ಮದ್ದಿನಲ್ಲಿದ್ದೇನೆ" ಎನ್ನಿ. ಮಗು ಬೇಕೆನ್ನುವವರು ಮೊದಲೇ ಹೇಳಬೇಕು. ಮೆಥೋಟ್ರೆಕ್ಸೇಟ್ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು. ಅದನ್ನು ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ಇನ್ನು ಮದ್ದು ತರುವ ಮಾತು. ಹೆದ್ದಾರಿ ನಮ್ಮೂರ ಪಕ್ಕದಲ್ಲೇ ಇದೆ. ಹೊಸ ದೊಡ್ಡ ರಸ್ತೆ 2023ರಲ್ಲಿ ಉದ್ಘಾಟನೆಯಾಯಿತು. ಅದನ್ನು ಮಾಡಿದ್ದು ಎರಡು ಭಾಗವಾಗಿ. ಬೆಂಗಳೂರಿನಿಂದ ನಿಡಘಟ್ಟಕ್ಕೆ ಒಂದು, ನಿಡಘಟ್ಟದಿಂದ ಮೈಸೂರಿಗೆ ಇನ್ನೊಂದು. ನೀವು ಯಾವ ಕಡೆಯಿಂದ ಮದ್ದು ತಂದರೂ ದಾರಿಯಲ್ಲಿ ಬಿಸಿಲು ತಗುಲಬಾರದು. ಬೇಯಿಸಿದ ಮೊಟ್ಟೆ ಮತ್ತೆ ಹಸಿಯಾಗುವುದುಂಟೇ? ಹಾಗೇ ಕಾದು ಕೆಟ್ಟ ಮದ್ದು ಮತ್ತೆ ಸರಿಹೋಗದು. ಐಸ್ ಪ್ಯಾಕ್ ಇರುವ ಚೀಲದಲ್ಲಿ ತನ್ನಿ. ನಡುವೆ ಬಟ್ಟೆ ಇಡಿ. ಐಸು ಮದ್ದಿಗೆ ತಾಗಬಾರದು. ಹೆಪ್ಪುಗಟ್ಟಿದರೂ ಮದ್ದು ಕೆಡುತ್ತದೆ.

ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಇರುತ್ತದೆ. ಹೆದರಬೇಡಿ. ಅಂಕಿ ನಿಮಗೆ ಬರುತ್ತದಲ್ಲ! 2 ಮತ್ತು 8 ಎಂಬ ಅಂಕಿ ಹುಡುಕಿ. ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು ಎಂದು ಅದರ ಅರ್ಥ. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ. ಬಾಗಿಲಲ್ಲಿ ಬೇಡ. ಐಸಿನ ಖಾನೆಯಲ್ಲಂತೂ ಬೇಡವೇ ಬೇಡ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ಮನೆಯಲ್ಲಿ ಫ್ರಿಜ್ಜು ಇಲ್ಲದವರು ಸೂಜಿಯ ದಿನ ಮದ್ದನ್ನು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದೇ ಎಂದು ಕೇಳಿ. ಇ, ಎಕ್ಸ್, ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ತಿಂಗಳು, ವರ್ಷ ಇರುತ್ತದೆ. ಅದು ದಾಟಿದ್ದರೆ ಮುಟ್ಟಬೇಡಿ.

ಚುಚ್ಚುವುದನ್ನು ಮೊದಲು ನರ್ಸಮ್ಮ ಕಲಿಸುತ್ತಾರೆ. ಅವರ ಮುಂದೆ ನೀವೇ ಮಾಡಿ ತೋರಿಸಿ. ಮನೆಯಲ್ಲಿ ಮಾಡುವಾಗ ಮದ್ದನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ. ಬಿಸಿನೀರಿಗೆ ಹಾಕಬೇಡಿ. ಅಲ್ಲಾಡಿಸಬೇಡಿ. ಬೆಳಕಿಗೆ ಹಿಡಿದು ನೋಡಿ. ಕದಡಿದ್ದರೆ, ಚೂರು ತೇಲುತ್ತಿದ್ದರೆ ಬೇಡ. ಸೋಪು ಹಾಕಿ ಕೈ ತೊಳೆಯಿರಿ. ತೊಡೆಯ ಮುಂಭಾಗ, ಇಲ್ಲವೇ ಹೊಕ್ಕುಳಿಂದ ಮೂರು ಬೆರಳು ಆಚೆಯ ಹೊಟ್ಟೆ, ಇವೇ ಚುಚ್ಚುವ ಜಾಗ. ಈ ಸಲ ಎಡಗಡೆಯಾದರೆ ಮುಂದಿನ ಸಲ ಬಲಗಡೆ. ಚುಚ್ಚಿದ ಮೇಲೆ ತಿಕ್ಕಬೇಡಿ.

ಆದ ಮೇಲೆ ಸೂಜಿ ಏನು ಮಾಡ್ತೀರಿ? ತಿಪ್ಪೆಗೆ ಎಸೆದರೆ ಗೊಬ್ಬರ ಹೊರುವ ಕೈಗೆ ಚುಚ್ಚುತ್ತದೆ. ಕಬ್ಬಿನ ಗದ್ದೆಗೆ ಎಸೆದರೆ ಕಾಲಿಗೆ ಚುಚ್ಚುತ್ತದೆ. ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ತುಂಬಿದಾಗ ಆಸ್ಪತ್ರೆಗೆ ಕೊಡಿ.

ದುಡ್ಡಿನ ಮಾತು ಮರೆಯಬಾರದು. ಒಂದೊಂದು ಸೂಜಿಗೂ ಸಾವಿರಾರು ರೂಪಾಯಿ. ರೋಗವನ್ನು ಬೇರುಸಹಿತ ಕೀಳುವ ಮದ್ದೂ ಇದಲ್ಲ. ಹತೋಟಿಯಲ್ಲಿ ಇಡುವ ಮದ್ದು. ನಡುವೆ ಬಿಟ್ಟರೆ ಊತ ಮತ್ತೆ ಬರಬಹುದು. ಅದಕ್ಕೇ ಓಲೆ, ಸರ ಅಡ ಇಡುವ ಮುಂಚೆ ಕೇಳಿ. ಎಷ್ಟು ಸೂಜಿ? ಎಷ್ಟು ತಿಂಗಳು? ಒಟ್ಟು ಎಷ್ಟು ಖರ್ಚು? ಕಡಿಮೆ ಬೆಲೆಯ ಕಂಪನಿಯದು ಇದೆಯೇ? ಸರ್ಕಾರಿ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕೇಳುವುದು ತಪ್ಪಲ್ಲ ಕಣಮ್ಮಾ, ಕೇಳದೆ ಬರುವುದು ತಪ್ಪು.

ಆ ಅಕ್ಕನ ಕೈ ಈಗ ಹೇಗಿದೆ? ಒಂದು ಬೆರಳು ಸೊಟ್ಟಗೇ ಉಳಿದಿದೆ. ತಡವಾಯಿತಲ್ಲ, ಅದಕ್ಕೆ. ಉಳಿದವು ಮಡಚುತ್ತವೆ. ಹಾಲು ಕರೆಯುತ್ತಾಳೆ. ಅವಳ ಹತ್ತಿರ ಒಂದು ನೋಟ್‌ಬುಕ್ಕಿದೆ. ಅದರಲ್ಲಿ ಸೂಜಿ ಹಾಕಿಕೊಂಡ ತಾರೀಖು, ಎಡವೋ ಬಲವೋ, ಮುಂದಿನ ತಾರೀಖು, ಎಲ್ಲವನ್ನೂ ಅವಳೇ ಬರೆಯುತ್ತಾಳೆ. ಮಾತ್ರೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ಸೋಮವಾರ ಮಾತ್ರ". ಅಕ್ಷರ ಸ್ವಲ್ಪ ಸೊಟ್ಟ. ಆದರೆ ಓದಲು ಬರುತ್ತದೆ. ಅಷ್ಟು ಸಾಕು.

ನಾಳೆ ಬರುವಾಗ ನಿಮ್ಮ ಮನೆಯಲ್ಲಿರುವ ಮದ್ದಿನ ಚೀಟಿ, ಡಬ್ಬಿ ತನ್ನಿ. ಯಾವುದನ್ನು ಯಾವ ದಿನ, ಎಷ್ಟು ಸಲ ಎಂದು ಕನ್ನಡದಲ್ಲಿ ಬರೆದು ಅಂಟಿಸೋಣ. ಗೊತ್ತಾಗದ್ದನ್ನು ಡಾಕ್ಟರ ಹತ್ತಿರ, ಔಷಧಿ ಅಂಗಡಿಯವರ ಹತ್ತಿರ ಕೇಳಿ ಬರೆಯೋಣ. ನಾಳಿನ ಪಾಠ ಅದೇ.